1967ರ ಕಾರ್ವೆಟ್: ಆಪ್ಷನ್ ಪಟ್ಟಿ ಓದಿ ಬೆಲೆ ಕೂಡಿಸುವುದು ಹೇಗೆ?

1967ರಲ್ಲಿ ಅಮೆರಿಕದ ಷೆವರ್ಲೆ ಷೋರೂಮಿಗೆ ಹೋಗಿ ಕಾರ್ವೆಟ್ ಸ್ಟಿಂಗ್ ರೇ ಎಂಬ ಸ್ಪೋರ್ಟ್ಸ್ ಕಾರು ಎಷ್ಟು ಎಂದು ಕೇಳಿದ್ದರೆ, ಬಟ್ಟೆಯ ಚಾವಣಿ ಮಡಚುವ ಕನ್ವರ್ಟಿಬಲ್‌ಗೆ 4,240.75 ಡಾಲರ್, ಗಟ್ಟಿ ಚಾವಣಿಯ ಕೂಪೆಗೆ 4,388.75 ಡಾಲರ್ ಎನ್ನುತ್ತಿದ್ದರು. ಅಷ್ಟೇ ಕೊಟ್ಟು ಗಾಡಿ ತೆಗೆದುಕೊಂಡು ಹೋದವರು ತೀರಾ ಕಡಿಮೆ. ಆ ವರ್ಷ ತಯಾರಾದ 22,940 ಗಾಡಿಗಳಲ್ಲಿ, ಮೂಲ ಬೆಲೆಯ ಜೊತೆಗೇ ಬರುತ್ತಿದ್ದ ಮೂರು ಗೇರಿನ ಪೆಟ್ಟಿಗೆಯನ್ನು ಹಾಗೆಯೇ ಇಟ್ಟುಕೊಂಡವರು ಬರೀ 424 ಜನ. ಉಳಿದವರೆಲ್ಲ ಪಟ್ಟಿ ಹಿಡಿದು ಒಂದೊಂದೇ ಆಪ್ಷನ್ ಸೇರಿಸಿದವರು. ಆ ಪಟ್ಟಿಯನ್ನೇ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓದೋಣ.

ಹಳೆಯ ಬೆಲೆ ಪಟ್ಟಿ ಈಗ ಯಾರಿಗೆ ಬೇಕು ಅನ್ನಿಸಬಹುದು. ಅಮೆರಿಕದಲ್ಲಿದ್ದು ಈ ಗಾಡಿಯ ಆಸೆ ಇಟ್ಟುಕೊಂಡವರಿಗೆ ಬೇಕೇ ಬೇಕು. ಅಂದು ನೂರಿನ್ನೂರು ಡಾಲರಿನ ವ್ಯತ್ಯಾಸವಿದ್ದ ಎರಡು ಗಾಡಿಗಳ ನಡುವೆ ಇಂದು ಲಕ್ಷಗಟ್ಟಲೆ ವ್ಯತ್ಯಾಸ ಇರಬಹುದು. ಹಣ ಇದ್ದ ಕಡೆ ನಕಲಿಯೂ ಇರುತ್ತದೆ. ಹುಡುಗನ ಕಡೆಯವರು ಕೊಟ್ಟ ಜಾತಕವನ್ನು ಹೆಣ್ಣಿನ ಮನೆಯವರು ಇನ್ನೊಬ್ಬ ಜೋಯಿಸರಿಗೆ ತೋರಿಸುವುದಿಲ್ಲವೇ, ಇದೂ ಹಾಗೆಯೇ.

ಮೊದಲ ಹೆಜ್ಜೆ: ನಂಬರ್ ಓದಿ

ಬೆಲೆಗೆ ಕೈ ಹಾಕುವ ಮುಂಚೆ ಗಾಡಿಯ ಗುರುತಿನ ಸಂಖ್ಯೆ ನೋಡಿ. ಮೊದಲ ಅಂಕಿ 1 ಎಂದರೆ ಷೆವರ್ಲೆ. ಮುಂದಿನ 94 ಕಾರ್ವೆಟ್. ಅದರ ನಂತರ 37 ಇದ್ದರೆ ಕೂಪೆ, 67 ಇದ್ದರೆ ಕನ್ವರ್ಟಿಬಲ್. ಆಮೇಲೆ ಬರುವ 7 ಮಾಡೆಲ್ ವರ್ಷ. ‘ಎಸ್’ ಎಂಬ ಅಕ್ಷರ ಮಿಸೌರಿಯ ಸೇಂಟ್ ಲೂಯಿಸ್ ಕಾರ್ಖಾನೆಯದು. ಕೊನೆಯ ಆರು ಅಂಕಿ ಸರಣಿ ಸಂಖ್ಯೆ. ಅದು 100001ರಿಂದ ಶುರುವಾಗಿ 122940ಕ್ಕೆ ಮುಗಿಯುತ್ತದೆ.

ಇಲ್ಲೊಂದು ತೊಡಕಿದೆ. ಈ ಸಂಖ್ಯೆಯಲ್ಲಿ ಎಂಜಿನ್ ಯಾವುದೆಂಬ ಸುಳಿವೇ ಇಲ್ಲ. ಗಾಡಿ ಕೂಪೆಯೋ ಕನ್ವರ್ಟಿಬಲ್ಲೋ ಎಂಬುದು ಗೊತ್ತಾಗುತ್ತದೆ, ಅದರ ಹೊಟ್ಟೆಯಲ್ಲಿ ಏನಿದೆ ಎಂಬುದಲ್ಲ. ನಕಲಿ ಮಾಡುವವರು ನುಸುಳುವುದು ಈ ಸಂದಿಯಲ್ಲೇ.

1967ರ ಗಾಡಿಯನ್ನು ಹಿಂದಿನ ವರ್ಷಗಳದ್ದರಿಂದ ಬೇರೆ ಮಾಡುವುದು ಸುಲಭ. ಮುಂದಿನ ಚಕ್ರದ ಹಿಂದೆ ಮೀನಿನ ಕಿವಿರಿನಂತೆ ಐದು ಸೀಳುಗಳಿರುತ್ತವೆ, ಕೈಬ್ರೇಕು ಎರಡು ಸೀಟುಗಳ ನಡುವೆ ಬಂದಿರುತ್ತದೆ. ಹೊಸ ರೂಪದ ಕಾರ್ವೆಟ್ ಆ ವರ್ಷವೇ ಬರಬೇಕಿತ್ತು, ತಡವಾಯಿತು. ಹಾಗಾಗಿ ಹಳೆಯ ರೂಪಕ್ಕೆ ಇನ್ನೊಂದು ವರ್ಷದ ಆಯುಸ್ಸು ಸಿಕ್ಕಿತು. ಆ ಹೊತ್ತಿಗೆ ಅದರ ಓರೆಕೋರೆಗಳೆಲ್ಲ ತಿದ್ದಿದ್ದವು. ನನ್ನ ಕಣ್ಣಿಗೆ ಅದೇ ಸರಣಿಯ ಅತಿ ಚೆಂದದ ಗಾಡಿ.

ಎರಡನೆಯ ಹೆಜ್ಜೆ: ಮೂಲ ಬೆಲೆಗೆ ಏನೇನು ಬರುತ್ತಿತ್ತು

327 ಘನ ಇಂಚಿನ, 300 ಅಶ್ವಶಕ್ತಿಯ ವಿ8 ಎಂಜಿನ್, ಮೂರು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ರ್‍ಯಾಲಿ ಚಕ್ರಗಳು, ರೆಕ್ಸಿನ್ ಸೀಟು. ಬಣ್ಣ ಹತ್ತರಲ್ಲಿ ಯಾವುದನ್ನು ಆರಿಸಿದರೂ ಹೆಚ್ಚಿನ ಕಾಸು ಇಲ್ಲ. ಹೀಟರ್ ಕೂಡ ಸೇರಿತ್ತು. ಬೇಡ ಎಂದರೆ 97.85 ಡಾಲರ್ ಕಡಿಮೆ ಮಾಡುತ್ತಿದ್ದರು. ಪಟ್ಟಿಯಲ್ಲಿ ಅದಕ್ಕೆ ‘ಸಿ48’ ಎಂಬ ಸಂಕೇತ. ಬೇಡ ಎಂದವರು ಮೂವತ್ತೈದೇ ಜನ.

ಪವರ್ ಸ್ಟಿಯರಿಂಗ್, ಪವರ್ ಬ್ರೇಕು, ರೇಡಿಯೊ ಯಾವುದೂ ಮೂಲ ಬೆಲೆಯಲ್ಲಿ ಸೇರಿರಲಿಲ್ಲ. ಬಹುತೇಕ ಆಪ್ಷನ್‌ಗಳಿಗೆ ಒಂದು ಅಕ್ಷರ, ಎರಡು ಅಂಕಿಯ ಸಂಕೇತ ಇರುತ್ತದೆ. ಈ ಗಾಡಿಯ ಹುಚ್ಚಿರುವವರು ಮಾತಾಡುವುದೇ ಆ ಸಂಕೇತಗಳಲ್ಲಿ. “ನಿಂದು ಎಲ್71ಆ?” ಎಂದು ಕೇಳುತ್ತಾರೆಯೇ ಹೊರತು ಎಷ್ಟು ಅಶ್ವಶಕ್ತಿ ಎಂದು ಕೇಳುವುದಿಲ್ಲ.

ಮೂರನೆಯ ಹೆಜ್ಜೆ: ಎಂಜಿನ್

ಬೆಲೆಯ ಗುಟ್ಟೆಲ್ಲ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಮೂಲ ಎಂಜಿನ್ನಿನಲ್ಲೇ ತೃಪ್ತರಾದವರು 6,858 ಜನ. ಅದೇ 327 ಘನ ಇಂಚಿನ ಎಂಜಿನ್ನನ್ನು 350 ಅಶ್ವಶಕ್ತಿಗೆ ಏರಿಸಿದ್ದು ಎಲ್79, ಬೆಲೆ 105.35 ಡಾಲರ್, ಕೊಂಡವರು 6,375. ಇವೆರಡೂ ‘ಸ್ಮಾಲ್ ಬ್ಲಾಕ್’, ಅಂದರೆ ಚಿಕ್ಕ ಮೈಯ ಎಂಜಿನ್.

ಉಳಿದವು 427 ಘನ ಇಂಚಿನ ‘ಬಿಗ್ ಬ್ಲಾಕ್’. ಎಲ್36 ಎಂದರೆ 390 ಅಶ್ವಶಕ್ತಿ, 200.15 ಡಾಲರ್. ಎಲ್68 ಎಂದರೆ 400 ಅಶ್ವಶಕ್ತಿ, 305.50 ಡಾಲರ್. ಇದರಲ್ಲಿ ಒಂದು ಕಾರ್ಬ್ಯುರೇಟರ್ ಬದಲು ಸಾಲಾಗಿ ಮೂರು; ಮೇಲೆ ತ್ರಿಕೋನಾಕಾರದ ಏರ್ ಕ್ಲೀನರ್. ಎಲ್71 ಎಂದರೆ 435 ಅಶ್ವಶಕ್ತಿ, 437.10 ಡಾಲರ್. ಅದೇ ಮೂರು ಕಾರ್ಬ್ಯುರೇಟರ್, ಆದರೆ ಒಳಗಿನ ಕ್ಯಾಮ್‌ಶಾಫ್ಟ್ ಬೇರೆ, ವಾಲ್ವ್ ಎತ್ತುವ ಲಿಫ್ಟರ್‌ಗಳು ಗಟ್ಟಿ ಲೋಹದವು. ಅಸಲಿ ಎಲ್71 ಅನ್ನು ತಣ್ಣಗಿರುವಾಗ ಚಾಲೂ ಮಾಡಿ ಕಿವಿಗೊಡಿ: ಗುಡುಗಿನ ಕೆಳಗೆ ಹೊಲಿಗೆ ಯಂತ್ರದಂಥ ಟಿಕಟಿಕ ಕೇಳುತ್ತದೆ. ಆ ಸದ್ದಿಲ್ಲದೆ ಮೆತ್ತಗೆ ಓಡಿದರೆ ಎದುರಿಗಿರುವುದು ಎಲ್36ಓ ಎಲ್68ಓ ಎಂದು ಅನುಮಾನಿಸಿ. ಆರ್‌ಪಿಎಂ ಮೀಟರಿನ ಕೆಂಪು ಗೆರೆ ಎಲ್71ರಲ್ಲಿ 6,500ಕ್ಕೆ ಶುರುವಾಗುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಎಲ್71ಕ್ಕೆ ಇನ್ನೂ 368.65 ಡಾಲರ್ ಕೊಟ್ಟರೆ ಎರಕದ ಕಬ್ಬಿಣದ ಬದಲು ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ಗಳು ಬರುತ್ತಿದ್ದವು. ಅದರ ಸಂಕೇತ ಎಲ್89. ತೂಕ ಇಳಿಯುತ್ತಿತ್ತು, ಕಾಗದದ ಮೇಲಿನ ಅಶ್ವಶಕ್ತಿ ಒಂದಿಷ್ಟೂ ಏರುತ್ತಿರಲಿಲ್ಲ. ಅಷ್ಟು ದುಡ್ಡಿಗೆ ಇಷ್ಟೇನಾ ಎಂದು ಜನ ಹಿಂದೆ ಸರಿದರು. ಮಾರಾಟವಾದದ್ದು 16.

ಕೊನೆಗೆ ಎಲ್88. ಬೆಲೆ 947.90 ಡಾಲರ್. ಪಟ್ಟಿಯಲ್ಲಿ ಬರೆದ ಶಕ್ತಿ 430, ಅಂದರೆ ಅರ್ಧದಷ್ಟೂ ಬೆಲೆಯಿಲ್ಲದ ಎಲ್71ಕ್ಕಿಂತ 5 ಕಡಿಮೆ! ಅದು ಬೇಕೆಂದೇ ಬರೆದ ಸುಳ್ಳು. ನಿಜವಾದ ಶಕ್ತಿ 500 ದಾಟುತ್ತಿತ್ತು. ಇದು ರೇಸಿಗೆಂದೇ ಮಾಡಿದ ಎಂಜಿನ್, ದಾರಿಹೋಕರು ಕೊಳ್ಳಬಾರದು ಎಂಬುದೇ ಕಂಪನಿಯ ಇರಾದೆ. 103 ಆಕ್ಟೇನಿನ ಪೆಟ್ರೋಲೇ ಬೇಕು ಎಂಬ ಎಚ್ಚರಿಕೆಯನ್ನೂ ಗಾಡಿಯೊಳಗೆ ಅಂಟಿಸಿದ್ದರು. ಪಟ್ಟಿ ಓದಿದವರು 435 ಇರುವುದನ್ನೇ ಆರಿಸಿಕೊಂಡರು. ಎಲ್88 ಕೊಂಡವರು ಇಡೀ ದೇಶದಲ್ಲಿ ಇಪ್ಪತ್ತು ಜನ.

ನಾಲ್ಕನೆಯ ಹೆಜ್ಜೆ: ಗೇರು, ಆಕ್ಸಲ್, ಬ್ರೇಕು

ನಾಲ್ಕು ಗೇರಿನ ಪೆಟ್ಟಿಗೆ ಎರಡು ಬಗೆಯದು: ಗೇರುಗಳ ನಡುವೆ ಅಂತರ ಹೆಚ್ಚಿರುವ ಎಂ20, ಅಂತರ ಕಡಿಮೆಯಿರುವ ಎಂ21. ಎರಡಕ್ಕೂ ಬೆಲೆ ಒಂದೇ, 184.35 ಡಾಲರ್. ರೇಸಿನ ಎಂ22ಕ್ಕೆ 237. ಪವರ್‌ಗ್ಲೈಡ್ ಎಂಬ ಎರಡು ಗೇರಿನ ಆಟೊಮ್ಯಾಟಿಕ್ ಎಂ35ಕ್ಕೆ 194.35, ತೆಗೆದುಕೊಂಡವರು 2,324.

ಪಾಸಿಟ್ರ್ಯಾಕ್ಷನ್ ಎಂಬ ಹಿಂದಿನ ಆಕ್ಸಲ್ (ಜಿ81) 42.15 ಡಾಲರ್. ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡುವ ಏರ್ಪಾಡು ಅದು. 20,308 ಗಾಡಿಗಳಲ್ಲಿ ಇತ್ತಾದ್ದರಿಂದ ಇದ್ದರೆ ಹೆಚ್ಚುಗಾರಿಕೆ ಏನಿಲ್ಲ, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಬೇಕು. ಪವರ್ ಬ್ರೇಕು (ಜೆ50) ಕೂಡ 42.15. ಬಿಗಿ ಸಸ್ಪೆನ್ಷನ್ (ಎಫ್41) 36.90. ರೇಸಿನ ಬ್ರೇಕು (ಜೆ56) 342.30 ಡಾಲರ್, ಅದಿರುವುದು 267 ಗಾಡಿಗಳಲ್ಲಿ.

ಐದನೆಯ ಹೆಜ್ಜೆ: ಸುಖದ ಸಾಮಾನು

ಇದನ್ನು ಬೇಗ ಮುಗಿಸೋಣ. ಎಎಂ-ಎಫ್‌ಎಂ ರೇಡಿಯೊ (ಯು69) 172.75 ಡಾಲರ್. ಪವರ್ ಸ್ಟಿಯರಿಂಗ್ (ಎನ್40) 94.80. ಪವರ್ ಕಿಟಕಿ (ಎ31) 57.95. ಚರ್ಮದ ಸೀಟು 79. ಪಕ್ಕದಲ್ಲಿ ಹಾಯುವ ಸೈಲೆನ್ಸರ್ ಕೊಳವೆ (ಎನ್14) 131.65. ಕನ್ವರ್ಟಿಬಲ್‌ಗೆ ಬಿಚ್ಚಿ ಹಾಕುವ ಗಟ್ಟಿ ಚಾವಣಿ (ಸಿ07) 231.75, ಅದಕ್ಕೆ ವಿನೈಲ್ ಹೊದಿಕೆ (ಸಿ08) 52.70. ಬಿಳಿ ಪಟ್ಟಿಯ ಟೈರು 31.35, ಕೆಂಪು ಗೆರೆಯದು 46.65. ಎರಕದ ಅಲ್ಯೂಮಿನಿಯಂ ಚಕ್ರ (ಎನ್89) 263.30 ಡಾಲರ್. ಆ ಚಕ್ರ ಹೋದದ್ದು 720 ಗಾಡಿಗಳಿಗೆ ಮಾತ್ರ. ಹೊಸದಾಗಿ ಎರಕ ಹೊಯ್ದ ನಕಲು ಚಕ್ರಗಳು ಈಗ ಧಾರಾಳವಾಗಿ ಸಿಗುವುದರಿಂದ, ಅವನ್ನು ಕಂಡ ಮಾತ್ರಕ್ಕೆ ಮರುಳಾಗಬೇಡಿ.

ಎಸಿ (ಸಿ60) 412.90 ಡಾಲರ್. ಎಲ್71 ಎಂಜಿನ್ನಿಗೂ ಇದಕ್ಕೂ ಇರುವ ಅಂತರ 24 ಡಾಲರ್ 20 ಸೆಂಟು ಅಷ್ಟೇ! ರೇಡಿಯೊದ ದುಡ್ಡಿನಲ್ಲಿ ನಾಲ್ಕು ಬಿಗಿ ಸಸ್ಪೆನ್ಷನ್ ಬಂದು ಇನ್ನೂ ಚಿಲ್ಲರೆ ಉಳಿಯುತ್ತಿತ್ತು. ಆದರೂ 22,193 ಜನ ರೇಡಿಯೊ ಹಾಕಿಸಿದರು, ಸಸ್ಪೆನ್ಷನ್ ಹಾಕಿಸಿದವರು 2,198. ಸ್ಪೋರ್ಟ್ಸ್ ಕಾರು ಕೊಂಡವರಿಗೆ ಬೇಕಾಗಿದ್ದದ್ದು ಏನು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆರನೆಯ ಹೆಜ್ಜೆ: ಯಾವುದರ ಜೊತೆ ಯಾವುದು ಬರುವುದಿಲ್ಲ

ಬೆಲೆ ಬಾಯಿಪಾಠ ಮಾಡುವುದಕ್ಕಿಂತ ಈ ಕಟ್ಟಳೆಗಳನ್ನು ನೆನಪಿಟ್ಟುಕೊಳ್ಳುವುದು ಲಾಭ. ಎಲ್71ಕ್ಕೆ ಕಾರ್ಖಾನೆ ಎಸಿ ಹಾಕಿ ಕೊಡುತ್ತಿರಲಿಲ್ಲ, ಆಟೊಮ್ಯಾಟಿಕ್ ಗೇರನ್ನೂ ಕೊಡುತ್ತಿರಲಿಲ್ಲ. ಎಲ್79ಕ್ಕೆ ಎಸಿ ಸಿಗುತ್ತಿತ್ತು, ಪವರ್‌ಗ್ಲೈಡ್ ಸಿಗುತ್ತಿರಲಿಲ್ಲ. ಎಲ್89 ಹೆಡ್‌ಗಳು ಎಲ್71ಕ್ಕೆ ಮಾತ್ರ. ವಿನೈಲ್ ಹೊದಿಕೆ ಬೇಕೆಂದರೆ ಗಟ್ಟಿ ಚಾವಣಿ ಇರಲೇಬೇಕು. ಎಲ್88 ಬೇಕೆಂದವರು ಎಂ22 ಗೇರು, ಜೆ50, ಜೆ56, ಎಫ್41, ಜಿ81, ಟ್ರಾನ್ಸಿಸ್ಟರ್ ಇಗ್ನಿಷನ್ (ಕೆ66, 73.75 ಡಾಲರ್) ಎಲ್ಲವನ್ನೂ ಹಾಕಿಸಿಕೊಳ್ಳಲೇಬೇಕು, ರೇಡಿಯೊ, ಹೀಟರ್ ಎರಡನ್ನೂ ಬಿಡಲೇಬೇಕು.

ಈ ಕಟ್ಟಳೆ ನನ್ನನ್ನು ಒಮ್ಮೆ ಕೈಹಿಡಿದು ಕಾಪಾಡಿದೆ. ಹಾಸನದ ಕಡೆಯ ಗೆಳೆಯನೊಬ್ಬನ ಜೊತೆ ಒಹಾಯೊದಲ್ಲಿ ಮೆರೂನ್ ಬಣ್ಣದ ಕನ್ವರ್ಟಿಬಲ್ ನೋಡಲು ಹೋಗಿದ್ದೆ. ಎಲ್71, ಅಪ್ಪಟ ಅಸಲಿ ಎಂದು ಮಾರುವಾತ ಆಣೆ ಹಾಕುವುದೊಂದು ಬಾಕಿ. ಬಾನೆಟ್ ಎತ್ತಿದರೆ ಮೂರು ಕಾರ್ಬ್ಯುರೇಟರ್, ತ್ರಿಕೋನ ಏರ್ ಕ್ಲೀನರ್, ಎಲ್ಲಾ ಫಳಫಳ. ಗೆಳೆಯ ಸೀಟಿನಲ್ಲಿ ಕೂತು, “ಲೋ, ಎಸಿ ಬೇರೆ ಇದೆ ಕಣೋ, ಫ್ಯಾಕ್ಟರಿದೇ ಅಂತೆ!” ಎಂದು ಖುಷಿಯಿಂದ ಕೂಗಿದ. ಅವನ ಖುಷಿ ಅಲ್ಲಿಗೇ ಮುಗಿಯಿತು. ಎಸಿ ಕಾರ್ಖಾನೆಯದೇ ಆಗಿದ್ದರೆ ಎಂಜಿನ್ ಎಲ್71 ಅಲ್ಲ. ಎಂಜಿನ್ ಎಲ್71 ಆಗಿದ್ದರೆ ಎಸಿ ಕಾರ್ಖಾನೆಯದಲ್ಲ. ಎರಡರಲ್ಲಿ ಯಾವುದು ಸುಳ್ಳು ಎಂದು ಕೇಳಿದಾಗ ಆತ ಫೋನು ಬಂತೆಂದು ಆಚೆ ಹೋದ.

ಏಳನೆಯ ಹೆಜ್ಜೆ: ಕೂಡಿಸಿ ನೋಡಿ

ಈಗ ನೀವೇ ಒಂದು ಗಾಡಿ ಕಟ್ಟಿ. ಕನ್ವರ್ಟಿಬಲ್ 4,240.75. ಎಲ್71 ಸೇರಿಸಿದರೆ 4,677.85. ಎಂ21 ಗೇರು ಸೇರಿ 4,862.20. ಪಾಸಿಟ್ರ್ಯಾಕ್ಷನ್ ಸೇರಿ 4,904.35. ಪಕ್ಕದ ಕೊಳವೆಗೆ 5,036.00. ರೇಡಿಯೊಗೆ 5,208.75. ಕೆಂಪು ಗೆರೆಯ ಟೈರಿಗೆ 5,255.40. ಗಟ್ಟಿ ಚಾವಣಿಗೆ 5,487.15. ಮುಂದಿನ ಗಾಜಿಗೆ ತಿಳಿಬಣ್ಣ (ಎ02) 10.55 ಸೇರಿಸಿ ಒಟ್ಟು 5,497.70 ಡಾಲರ್. ಸಾಗಣೆ, ತೆರಿಗೆ ಬೇರೆ. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ ಡಾಲರಿಗೆ 7.50 ಆಗಿತ್ತು, ಆ ಲೆಕ್ಕದಲ್ಲಿ ಇದು 41 ಸಾವಿರ ರೂಪಾಯಿ ಚಿಲ್ಲರೆ.

ಇನ್ನು ಎಲ್88 ಕೂಪೆ. 4,388.75ಕ್ಕೆ ಎಂಜಿನ್ 947.90, ಗೇರು 237.00, ರೇಸಿನ ಬ್ರೇಕು 342.30, ಪವರ್ ಬ್ರೇಕು 42.15, ಸಸ್ಪೆನ್ಷನ್ 36.90, ಆಕ್ಸಲ್ 42.15, ಇಗ್ನಿಷನ್ 73.75 ಸೇರಿಸಿ. ಹೀಟರಿನ 97.85 ಕಳೆಯಿರಿ. ಉಳಿಯುವುದು 6,013.05 ಡಾಲರ್. 2014ರ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜಾಕ್ಸನ್ ನಡೆಸಿದ ಹರಾಜಿನಲ್ಲಿ ಇಂಥದೇ ಒಂದು ಕೂಪೆ 38.5 ಲಕ್ಷ ಡಾಲರಿಗೆ ಹೋಯಿತು. ಅಂದರೆ ಪಟ್ಟಿ ಬೆಲೆಯ 640 ಪಟ್ಟು. ಅಂದು ಯಾರಿಗೂ ಬೇಡವಾಗಿದ್ದದ್ದೇ ಇಂದು ಎಲ್ಲರಿಗೂ ಬೇಕು.

ಎಂಟನೆಯ ಹೆಜ್ಜೆ: ಕಾಗದವನ್ನು ಲೋಹದ ಜೊತೆ ತಾಳೆ ನೋಡಿ

ಕೈಗೆ ಟಾರ್ಚು, ಒಂದು ಸಣ್ಣ ಕನ್ನಡಿ, ಹಳೆಯ ಬಟ್ಟೆ ತೆಗೆದುಕೊಳ್ಳಿ. ಬಾನೆಟ್ ಎತ್ತಿ ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ ನೋಡಿ. ಬ್ಲಾಕಿನ ಮೇಲೆ ಬೆರಳಗಲದ ಒಂದು ಸಪಾಟು ಜಾಗವಿದೆ. ಜಿಡ್ಡು ಒರೆಸಿದರೆ ಎರಡು ಸಾಲು ಅಂಕಿ-ಅಕ್ಷರ ಕಾಣುತ್ತವೆ. ಒಂದು ಎಂಜಿನ್ ಜೋಡಿಸಿದ ಸಾಲು: ಬಿಗ್ ಬ್ಲಾಕ್ ಆದರೆ ಟೊನವಾಂಡಾ ಕಾರ್ಖಾನೆಯ ‘ಟಿ’, ಸ್ಮಾಲ್ ಬ್ಲಾಕ್ ಆದರೆ ಫ್ಲಿಂಟ್ ಕಾರ್ಖಾನೆಯ ‘ವಿ’, ನಂತರ ತಿಂಗಳು, ದಿನ, ಕೊನೆಗೆ ಎರಡಕ್ಷರ. ‘ಟಿ0415ಜೆಇ’ ಎಂದಿದ್ದರೆ ಟೊನವಾಂಡಾದಲ್ಲಿ ಏಪ್ರಿಲ್ 15ರಂದು ಜೋಡಿಸಿದ ಎಲ್71. ‘ಎಚ್‌ಟಿ’ ಎಂದರೆ ಎಲ್79. ‘ಐಎಲ್’ ಎಲ್36, ‘ಜೆಸಿ’ ಎಲ್68, ‘ಐಟಿ’ ಎಲ್88. ಎಸಿ, ಆಟೊಮ್ಯಾಟಿಕ್ ಗೇರು ಮುಂತಾದವು ಸೇರಿದಾಗ ಅಕ್ಷರಗಳು ಬೇರೆಯಾಗುತ್ತವೆ, ಆದ್ದರಿಂದ ಪೂರ್ತಿ ಪಟ್ಟಿ ಜೇಬಿನಲ್ಲಿರಲಿ. ಇನ್ನೊಂದು ಸಾಲಿನಲ್ಲಿ 7ರ ಜೊತೆ ಗಾಡಿಯ ಆರಂಕಿ ಸರಣಿ ಸಂಖ್ಯೆ ಇರುತ್ತದೆ. ಅದು ಗುರುತಿನ ಫಲಕದ ಕೊನೆಯ ಆರು ಅಂಕಿಗೆ ಹೊಂದಿದರೆ, ಗಾಡಿ ಮತ್ತು ಎಂಜಿನ್ ಹುಟ್ಟಿನಿಂದಲೇ ಜೊತೆಗಿವೆ ಎಂಬ ವಾದಕ್ಕೆ ಬಲ.

ಅಕ್ಷರ ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಕಾರ್ಖಾನೆಯಲ್ಲಿ ಆ ಜಾಗವನ್ನು ಸಪಾಟು ಮಾಡುವಾಗ ಯಂತ್ರದ ಹಲ್ಲು ಎಳೆದ ಸಣ್ಣ ಸಮಾನಾಂತರ ಗೆರೆಗಳು ಉಳಿದಿರುತ್ತವೆ, ಬಾಚಣಿಗೆ ಎಳೆದಂತೆ. ಹಳೆಯದನ್ನು ಉಜ್ಜಿ ಹೊಸ ಅಕ್ಷರ ಬಡಿದವರು ಆ ಗೆರೆಗಳನ್ನೂ ಉಜ್ಜಿಬಿಟ್ಟಿರುತ್ತಾರೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಊಟದ ತಟ್ಟೆಯಂತೆ ಹೊಳೆದರೆ ಎದ್ದು ಬನ್ನಿ. ಗೆರೆಗಳನ್ನೂ ನಕಲು ಮಾಡುವ ಚತುರರಿದ್ದಾರೆ, ಆದ್ದರಿಂದ ತಾರೀಖುಗಳನ್ನೂ ಹೊಂದಿಸಿ ನೋಡಿ: ಬ್ಲಾಕು ಎರಕವಾದ ದಿನ ಮೊದಲು, ಎಂಜಿನ್ ಜೋಡಿಸಿದ ದಿನ ಆಮೇಲೆ, ಗಾಡಿಯ ಮೈ ತಯಾರಾದ ದಿನ ಕೊನೆಗೆ. ಮೈಯ ತಾರೀಖು, ಬಣ್ಣದ ಸಂಕೇತ, ಸೀಟಿನ ಸಂಕೇತ ಮೂರೂ ಗ್ಲೋವ್ ಬಾಕ್ಸಿನ ಕೆಳಗಿನ ತಗಡಿನ ಮೇಲಿವೆ. ಅಲ್ಲಿ 974 ಎಂದಿದ್ದು ಗಾಡಿ ಕಪ್ಪಗಿದ್ದರೆ, ಹುಟ್ಟುವಾಗ ಅದು ಕೆಂಪಗಿತ್ತು ಎಂದರ್ಥ.

ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ. ಆ ಗಾಡಿಗೆ ಏನೇನು ಹಾಕಬೇಕು ಎಂದು ಸಂಕೇತಗಳನ್ನು ಬರೆದ ಚೀಟಿಯನ್ನು ಕಾರ್ಖಾನೆಯವರು ಅಲ್ಲಿ ಅಂಟಿಸಿಬಿಡುತ್ತಿದ್ದರು. ಯಾರ ಕಣ್ಣಿಗೂ ಬೀಳದ ಜಾಗವಾದ್ದರಿಂದ ಹಲವು ಗಾಡಿಗಳಲ್ಲಿ ಅದು ಇನ್ನೂ ಉಳಿದಿದೆ. ನೋಡಬೇಕಾದರೆ ಸ್ಟೆಪ್ನಿಯನ್ನೂ ಅದರ ತೊಟ್ಟಿಲನ್ನೂ ಬಿಚ್ಚಿ ಟ್ಯಾಂಕನ್ನು ಕೆಳಗಿಳಿಸಬೇಕು. ಮಾರುವಾತ ಒಪ್ಪದಿದ್ದರೆ ಕೆಲಸದ ಖರ್ಚು ನಿಮ್ಮದು ಎಂದು ಹೇಳಿ ನೋಡಿ. ಚೀಟಿ ಅರ್ಧ ಕೊಳೆತಿದ್ದರೂ ಪರವಾಗಿಲ್ಲ. ಎಂಜಿನ್ ಸಂಕೇತ ಇರುವ ಸಾಲು ಉಳಿದಿದ್ದರೆ ಸಾಕು. ನೀಟಾಗಿ, ಬೆಳ್ಳಗೆ, ಮೊನ್ನೆ ಅಂಟಿಸಿದಂತಿದ್ದರೆ ಮಾತ್ರ ಅನುಮಾನ ಪಡಿ. ಅದನ್ನೂ ಮುದ್ರಿಸಿ ಮಾರುವವರಿದ್ದಾರೆ.

ಒಂಬತ್ತನೆಯ ಹೆಜ್ಜೆ: ಈಗ ಏನಕ್ಕೆ ದುಡ್ಡು ಕೊಡಬೇಕು

ಗೋಡೆಗೆ ನೇತುಹಾಕುವ ಚಿತ್ರದಂತೆ ಇಟ್ಟುಕೊಳ್ಳುವವರಿಗೆ ಎಲ್71, ಚೀಟಿ ಸಮೇತ. ಓಡಿಸುವ ಆಸೆಯಿರುವವರಿಗೆ ನನ್ನ ಓಟು ಎಲ್79ಕ್ಕೆ. ಬಿಗ್ ಬ್ಲಾಕಿನ ಭಾರ ಮುಂದಿನ ಚಕ್ರದ ಮೇಲಿರುವುದಿಲ್ಲ, ತಿರುವಿನಲ್ಲಿ ಹಗುರ, ಎಸಿ ಇದ್ದರೂ ಅದು ಸುಳ್ಳಾಗುವುದಿಲ್ಲ. ಬೇಸಿಗೆಯಲ್ಲಿ ಎಸಿ ಇಲ್ಲದ ಈ ಗಾಡಿಯಲ್ಲಿ ಒಂದು ಗಂಟೆ ಕೂತರೆ ಎಂಜಿನ್ನಿನ ಕಾವು ಪಾದಕ್ಕೆ ತಟ್ಟುತ್ತದೆ, 412.90 ಡಾಲರ್ ಕೊಟ್ಟವರು ಪೆದ್ದರಲ್ಲ ಎಂದು ಆಗ ಗೊತ್ತಾಗುತ್ತದೆ.

ಆಪ್ಷನ್ ನೋಡುವ ಭರದಲ್ಲಿ ಅಸ್ಥಿಪಂಜರ ಮರೆಯಬೇಡಿ. ಮೈ ಫೈಬರ್‌ಗ್ಲಾಸಿನದು, ತುಕ್ಕು ಹಿಡಿಯದು. ಅದರೊಳಗಿನ ‘ಬರ್ಡ್‌ಕೇಜ್’ ಎಂಬ ಉಕ್ಕಿನ ಪಂಜರ, ಕೆಳಗಿನ ಚಾಸಿ ಎರಡೂ ತುಕ್ಕು ಹಿಡಿಯುತ್ತವೆ. ಮುಂದಿನ ಗಾಜಿನ ಕಂಬಗಳ ಬುಡ, ಹಿಂದಿನ ಚಕ್ರದ ಎದುರು ಚಾಸಿ ಮೇಲಕ್ಕೆ ಬಾಗುವ ಜಾಗ, ಇವೆರಡನ್ನು ತಟ್ಟಿ ನೋಡಿ.

ಚೌಕಾಸಿಗೆ ಕೂತಾಗ ಕೇಳಿದ ಬೆಲೆಯಿಂದ ಶುರು ಮಾಡಬೇಡಿ. ಚೀಟಿಯೋ ಮುದ್ರೆಯೋ ಸಾಬೀತು ಮಾಡುವ ಆಪ್ಷನ್‌ಗಳನ್ನು ಒಂದು ಕಡೆ ಬರೆಯಿರಿ, ಬರೀ ಬಾಯಿಮಾತಿನವನ್ನು ಇನ್ನೊಂದು ಕಡೆ. ಬಾಯಿಮಾತಿನ ಗುಂಪಿಗೆ ಬಿಡಿಭಾಗದ ಅಂಗಡಿಯ ಬೆಲೆಗಿಂತ ಒಂದು ಡಾಲರೂ ಹೆಚ್ಚು ಕೊಡಬೇಡಿ. ಒಹಾಯೊದ ಆ ಮೆರೂನ್ ಗಾಡಿಗೆ ನಾವು ಹೀಗೇ ಲೆಕ್ಕ ಹಾಕಿ ಎಲ್36ರ ಬೆಲೆ ಹೇಳಿದೆವು. ಆತ ಒಪ್ಪಲಿಲ್ಲ. ಎರಡು ತಿಂಗಳ ಮೇಲೆ ಅದೇ ಗಾಡಿ ಮತ್ತೆ ಮಾರಾಟಕ್ಕೆ ಬಂದಿತ್ತು; ಈ ಸಲ ಜಾಹೀರಾತಿನಲ್ಲಿ ಎಸಿಯ ಸುದ್ದಿ ಇರಲಿಲ್ಲ.